ಇಬ್ಬರೂ ಮನೆಗೆ ಹೋಗಬಾರದು: ಹೊಂದದ ಜೋಡಿಯ ಮೊದಲ ಎಪಿಸೋಡ್ ಕಟ್ಟುವ ಬಗೆ

ಕಳೆದ ಮಳೆಗಾಲದಲ್ಲಿ ನಾನೊಂದು ಕಥೆ ಬರೆದೆ. ರೊಮ್ಯಾಂಟಿಕ್ ಕಾಮಿಡಿ, ಅನಿಮೆ ಅಂದರೆ ಜಪಾನಿನ ಕಾರ್ಟೂನ್ ಧಾರಾವಾಹಿಗಳ ಥರದ್ದು. ಚಿತ್ರ ಬರೆಯುವುದು ತೀರ್ಥಹಳ್ಳಿ ಕಡೆಯ ಗೆಳತಿ, ಮಾತು ಬರೆಯುವುದು ನಾನು. ಹುಡುಗ ಅಡಿಕೆ ತೋಟದವನು, ಹುಡುಗಿ ಶಿವಮೊಗ್ಗ ಪೇಟೆಯವಳು. ಅವನು ಮಾತೇ ಆಡಲ್ಲ, ಅವಳು ಬಾಯಿ ಮುಚ್ಚಲ್ಲ. ಅವನಿಗೆ ಮಳೆ ಅಂದರೆ ಜೀವ, ಅವಳಿಗೆ ಮಳೆ ಅಂದರೆ ಇಂಬಳ (ಜಿಗಣೆ). ಹೀಗೆ ಒಂದು ಪುಟ ತುಂಬ ವ್ಯತ್ಯಾಸಗಳ ಪಟ್ಟಿ ಮಾಡಿಕೊಂಡು, ಪ್ರತಿಯೊಂದಕ್ಕೂ ಒಂದೊಂದು ಜಗಳ ಇಟ್ಟು, ಮೊದಲ ಎಪಿಸೋಡ್ ಮುಗಿಸಿದೆ. ಗಾಂಧಿ ಬಜಾರಿನ ಹತ್ತಿರದ ಚಹಾ ಅಂಗಡಿಯಲ್ಲಿ ಕೂತು ಗೆಳತಿ ಅದನ್ನು ಪೂರ್ತಿ ಓದಿದಳು. ಓದಿ ಒಂದೇ ಒಂದು ಪ್ರಶ್ನೆ ಕೇಳಿದಳು.

"ಜಗಳ ಆಯ್ತು, ಸರಿ. ಆಮೇಲೆ ಇಬ್ರೂ ಅವರವರ ಮನೆಗೆ ಹೋಗ್ಬಹುದಲ್ವಾ? ಎಂತಕ್ಕೆ ಹೋಗಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು, ನನಗೆ ಇಷ್ಟವಾದ ಅನಿಮೆಗಳ ಮೊದಲ ಎಪಿಸೋಡ್‌ಗಳನ್ನು ಮಾತ್ರ ಮತ್ತೆ ನೋಡಿದೆ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಾ ನೋಡಿದೆ. ಅದರಿಂದ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ನೀವು ಕಾಮಿಕ್ ಬರೆಯಿರಿ, ಕಿರುಚಿತ್ರ ಬರೆಯಿರಿ, ಕಾಲೇಜಿನ ನಾಟಕ ಬರೆಯಿರಿ, ಕೆಲಸಕ್ಕೆ ಬರುತ್ತದೆ.

ಮೊದಲು ಸಮಯದ ಲೆಕ್ಕ

ಟಿವಿ ಅನಿಮೆಯ ಒಂದು ಎಪಿಸೋಡ್ ಸುಮಾರು 24 ನಿಮಿಷ. ಅದರಲ್ಲಿ ಶುರುವಿನ ಹಾಡು 90 ಸೆಕೆಂಡ್, ಕೊನೆಯ ಹಾಡು 90 ಸೆಕೆಂಡ್. ಉಳಿಯುವುದು 20 ಅಥವಾ 21 ನಿಮಿಷ. ನಡುವೆ ಒಂದು ಜಾಹೀರಾತಿನ ಬಿಡುವು ಬರುತ್ತದೆ, ಹಾಗಾಗಿ ಕಥೆ ಎರಡು ಭಾಗವಾಗಿ ಒಡೆಯುತ್ತದೆ. ಒಂದು ಸೀಸನ್ ಅಂದರೆ ಸಾಮಾನ್ಯವಾಗಿ 12 ಅಥವಾ 13 ಎಪಿಸೋಡ್.

ಈ ಲೆಕ್ಕ ಯಾಕೆ ಬೇಕು ಅಂದರೆ, ಹತ್ತು ನಿಮಿಷದ ಹೊತ್ತಿಗೆ ಏನೋ ಒಂದು ತಿರುಗಬೇಕು, ಇಪ್ಪತ್ತನೇ ನಿಮಿಷಕ್ಕೆ ಇಬ್ಬರೂ ಕಟ್ಟಿಹಾಕಿದ ಹಾಗೆ ಆಗಿರಬೇಕು. ನನ್ನ ಹಳೆಯ ಕಥೆಯಲ್ಲಿ ಹತ್ತನೇ ನಿಮಿಷದ ಹೊತ್ತಿಗೆ ಹುಡುಗನ ಅಜ್ಜಿ ಇನ್ನೂ ಕಡುಬಿನ ಹಿಟ್ಟು ರುಬ್ಬುತ್ತಿದ್ದರು. ದೃಶ್ಯ ಚೆನ್ನಾಗಿತ್ತು, ಆದರೆ ಅದರ ಜಾಗ ಮೂರನೇ ಎಪಿಸೋಡ್.

ಪಾತ್ರ ರಂಗಕ್ಕೆ ಬರುವ ಕ್ಷಣ

ಯಕ್ಷಗಾನ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಡ್ಡೋಲಗದಲ್ಲಿ ಇಬ್ಬರು ತೆರೆ ಹಿಡಿದು ನಿಂತಿರುತ್ತಾರೆ. ಅದರ ಹಿಂದೆ ಮೊದಲು ಕಿರೀಟ ಕಾಣುತ್ತದೆ, ಆಮೇಲೆ ಮುಖ, ಆಮೇಲೆ ಹೆಜ್ಜೆ. ಪಾತ್ರಧಾರಿ ಒಂದು ಮಾತೂ ಆಡುವ ಮೊದಲೇ ಇವನು ರಾಕ್ಷಸನೋ ರಾಜನೋ, ಗಂಭೀರನೋ ಹುಂಬನೋ ಅಂತ ಹಿಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕೂತವರಿಗೂ ಗೊತ್ತಾಗಿಬಿಡುತ್ತದೆ.

ಒಳ್ಳೆಯ ಮೊದಲ ಎಪಿಸೋಡ್ ಇದನ್ನೇ ಮಾಡುತ್ತದೆ. 2008ರಲ್ಲಿ ಬಂದ ಟೊರಾಡೋರಾ ನೋಡಿ. ಹುಡುಗ ರ್‍ಯೂಜಿಯ ಕಣ್ಣು ಅಪ್ಪನಿಂದ ಬಂದದ್ದು, ರೌಡಿಯ ಹಾಗೆ ಕಾಣುತ್ತದೆ. ಶಾಲೆಯಲ್ಲಿ ಎಲ್ಲರೂ ಅವನನ್ನು ಕಂಡರೆ ಹೆದರುತ್ತಾರೆ. ಆದರೆ ನಾವು ಅವನನ್ನು ಮನೆಯಲ್ಲಿ ನೋಡುತ್ತೇವೆ. ಅಡಿಗೆ ಮಾಡುತ್ತಾನೆ, ಮನೆ ಒಪ್ಪ ಓರಣ ಮಾಡುತ್ತಾನೆ, ಅಮ್ಮನನ್ನು ನೋಡಿಕೊಳ್ಳುತ್ತಾನೆ. ಹುಡುಗಿ ತೈಗಾ ಕುಳ್ಳಿ, ಗೊಂಬೆಯ ಹಾಗೆ ಇದ್ದಾಳೆ, ಆದರೆ ಎದುರಿಗೆ ಬಂದವರನ್ನು ಹೊಡೆದೇ ಬಿಡುತ್ತಾಳೆ. ಅಂಗೈಯಷ್ಟು ಹುಲಿ ಅಂತ ಅವಳಿಗೆ ಅಡ್ಡಹೆಸರು. ಇಬ್ಬರಲ್ಲೂ ಹೊರಗಿನ ವೇಷ ಒಂದು, ಒಳಗಿನ ಮನುಷ್ಯ ಇನ್ನೊಂದು.

ಗಮನಿಸಿ, ಇಲ್ಲಿ ಎರಡು ಥರದ ಹೊಂದಾಣಿಕೆ ಇಲ್ಲದಿರುವಿಕೆ ಇದೆ. ಅವನಿಗೂ ಅವಳಿಗೂ ಹೊಂದಲ್ಲ. ಜೊತೆಗೆ ಅವನಿಗೆ ಅವನ ಮುಖವೇ ಹೊಂದಲ್ಲ, ಅವಳಿಗೆ ಅವಳ ಗಾತ್ರವೇ ಹೊಂದಲ್ಲ. ನನ್ನ ಪಟ್ಟಿಯಲ್ಲಿ ಇದ್ದದ್ದು ಮೊದಲನೆಯದು ಮಾತ್ರ. ಎರಡನೆಯದು ಇದ್ದರೆ ಮಾತ್ರ ಒಬ್ಬರು ಇನ್ನೊಬ್ಬರ ಒಳಗನ್ನು ಕಾಣುವುದಕ್ಕೆ ಅವಕಾಶ ಸಿಗುತ್ತದೆ.

ಹಾಗಾಗಿ ಬರೆಯಲು ಕೂತಾಗ ಅವನು ಹೀಗೆ, ಅವಳು ಹಾಗೆ ಅಂತ ಬರೆಯಬೇಡಿ. ಇಬ್ಬರಿಗೂ ಒಂದೊಂದು ಹಾಳೆ ಕೊಡಿ. ಊರಿನವರು ಇವನ ಬಗ್ಗೆ ಏನು ಅಂದುಕೊಂಡಿದ್ದಾರೆ, ಇವನು ಒಬ್ಬನೇ ಇದ್ದಾಗ ಏನು ಮಾಡುತ್ತಾನೆ. ಎರಡೇ ಸಾಲು ಸಾಕು. ಆ ಎರಡು ಸಾಲಿನ ನಡುವೆ ಅಂತರ ಇಲ್ಲ ಅಂದರೆ ಪಾತ್ರ ಇನ್ನೂ ಹುಟ್ಟಿಲ್ಲ.

ಗುಟ್ಟು ಒಡೆಯುವ ಅಪಘಾತ

ಈಗ ಮುಖ್ಯ ವಿಷಯ. ನಾನು ನೋಡಿದ ಚೆನ್ನಾದ ಮೊದಲ ಎಪಿಸೋಡ್‌ಗಳಲ್ಲಿ ಮತ್ತೆ ಮತ್ತೆ ಕಂಡದ್ದು ಇದು. ಒಬ್ಬರ ಗುಟ್ಟು ಇನ್ನೊಬ್ಬರಿಗೆ ಆಕಸ್ಮಿಕವಾಗಿ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಅದನ್ನು ಗೊತ್ತಿಲ್ಲದ ಹಾಗೆ ಮಾಡುವುದಕ್ಕೆ ಆಗಲ್ಲ. ಅಲ್ಲಿಗೆ ಇಬ್ಬರೂ ಸಿಕ್ಕಿಹಾಕಿಕೊಂಡರು.

ತೈಗಾ ಪ್ರೇಮಪತ್ರವನ್ನು ತಪ್ಪಿ ರ್‍ಯೂಜಿಯ ಬ್ಯಾಗಿಗೆ ಹಾಕುತ್ತಾಳೆ. ಅದು ಅವನ ಗೆಳೆಯನಿಗೆ ಬರೆದದ್ದು. ಅದನ್ನು ವಾಪಸ್ ತೆಗೆದುಕೊಳ್ಳಲು ರಾತ್ರಿ ಮರದ ಕತ್ತಿ ಹಿಡಿದು ಅವನ ಮನೆಗೆ ನುಗ್ಗುತ್ತಾಳೆ. ಆಮೇಲೆ ನೋಡಿದರೆ ಲಕೋಟೆ ಖಾಲಿ, ಒಳಗೆ ಪತ್ರವನ್ನೇ ಇಟ್ಟಿಲ್ಲ! ಹಸಿವಿನಿಂದ ತಲೆ ತಿರುಗಿ ಬೀಳುತ್ತಾಳೆ. ಅವನು ಫ್ರೈಡ್ ರೈಸ್ ಮಾಡಿಕೊಡುತ್ತಾನೆ. ಅವಳಿಗೆ ಅವನ ಗೆಳೆಯ ಇಷ್ಟ, ಅವನಿಗೆ ಅವಳ ಗೆಳತಿ ಇಷ್ಟ. ಪರಸ್ಪರ ಸಹಾಯ ಮಾಡುವ ಒಪ್ಪಂದ ಆಗುತ್ತದೆ. ಈಗ ಗೆಳತಿಯ ಪ್ರಶ್ನೆಯನ್ನು ಕೇಳಿ ನೋಡಿ: ಎಂತಕ್ಕೆ ಮನೆಗೆ ಹೋಗಲ್ಲ? ಗುಟ್ಟು ಅವನ ಕೈಯಲ್ಲಿದೆ, ಒಪ್ಪಂದ ಇದೆ, ಮೇಲಾಗಿ ಅವಳ ಮನೆ ಪಕ್ಕದ ಕಟ್ಟಡದಲ್ಲೇ ಇದೆ. ಮೂರು ಗಂಟು!

2022ರ ಮೈ ಡ್ರೆಸ್-ಅಪ್ ಡಾರ್ಲಿಂಗ್ ನನಗೆ ಇನ್ನೂ ಹತ್ತಿರ. ಹುಡುಗ ಗೋಜೋ ಜಪಾನಿನ ಹಿನಾ ಗೊಂಬೆಗಳ ತಲೆ ಮಾಡುವ ಕಸುಬು ಕಲಿಯುತ್ತಿದ್ದಾನೆ. ಗೊಂಬೆ ಇಷ್ಟಪಡುವ ಹುಡುಗ ಅಂತ ಚಿಕ್ಕಂದಿನಲ್ಲಿ ಒಬ್ಬಳು ಬೈದಿದ್ದಾಳೆ. ಅವತ್ತಿನಿಂದ ಯಾರಿಗೂ ಹೇಳಿಲ್ಲ. ನಮ್ಮ ಸಾಗರ, ಸೊರಬದ ಗುಡಿಗಾರರ ಮನೆಯ ಹುಡುಗನೊಬ್ಬ ಗಂಧದ ಕೆತ್ತನೆ ಕಲಿಯುತ್ತಾ, ಕಾಲೇಜಿನಲ್ಲಿ ಅದನ್ನು ಬಚ್ಚಿಟ್ಟುಕೊಂಡು ಓಡಾಡುವುದನ್ನು ಊಹಿಸಿಕೊಳ್ಳಿ. ಮನೆಯ ಹೊಲಿಗೆ ಮೆಷಿನ್ ಕೆಟ್ಟಿದೆ ಅಂತ ಗೋಜೋ ಶಾಲೆಯ ಹೊಲಿಗೆ ಕೋಣೆಗೆ ಹೋಗುತ್ತಾನೆ. ಅಲ್ಲಿಗೆ ಬರುತ್ತಾಳೆ ಮರಿನ್. ಶಾಲೆಯಲ್ಲಿ ಎಲ್ಲರ ಕಣ್ಣೂ ಅವಳ ಮೇಲೆ, ಮೈಮೇಲೆ ಪೂರ್ತಿ ಫ್ಯಾಷನ್. ಅವಳು ಗೊಂಬೆ ನೋಡಿ ನಗಲ್ಲ. ಚೆಂದ ಇದೆ ಅನ್ನುತ್ತಾಳೆ. ಆಮೇಲೆ ತಾನೇ ಹೊಲಿದ ಕಾಸ್‌ಪ್ಲೇ ಬಟ್ಟೆ, ಅಂದರೆ ಇಷ್ಟದ ಪಾತ್ರದ ಹಾಗೆ ವೇಷ ಹಾಕುವ ಬಟ್ಟೆ, ತೋರಿಸುತ್ತಾಳೆ, ಅದು ತುಂಬಾ ಕೆಟ್ಟದಾಗಿದೆ. ಬಾಯಿ ಬಿಡದ ಹುಡುಗ ಆ ಬಟ್ಟೆಯ ತಪ್ಪುಗಳನ್ನು ಒಂದೊಂದಾಗಿ ಹೇಳಲು ಶುರು ಮಾಡುತ್ತಾನೆ.

ಈ ದೃಶ್ಯವನ್ನು ನಾನು ಐದಾರು ಸಲ ನೋಡಿದ್ದೇನೆ. ಹೊರಗಿನಿಂದ ಅವರಿಬ್ಬರ ನಡುವೆ ಏನೂ ಹೊಂದಲ್ಲ. ಆದರೆ ಅವನ ಕೈಯಲ್ಲಿರುವ ಕಲೆ ಅವಳಿಗೆ ಬೇಕು. ಅವಳಲ್ಲಿರುವ ಧೈರ್ಯ, ಅಂದರೆ ಇಷ್ಟವಾದದ್ದನ್ನು ಇಷ್ಟ ಅಂತ ಹೇಳುವ ಧೈರ್ಯ, ಅವನಿಗೆ ಬೇಕು. ಅವಳ ಅಗತ್ಯವನ್ನು ಮಾತಿನಲ್ಲಿ ಹೇಳಿದ್ದಾರೆ. ಅವನ ಅಗತ್ಯವನ್ನು ಹೇಳಿಲ್ಲ, ನಾವೇ ಕಂಡುಕೊಳ್ಳಬೇಕು. ನೀವು ಬರೆಯುವಾಗಲೂ ಹೀಗೇ ಒಂದನ್ನು ಬಾಯಿ ಬಿಟ್ಟು ಹೇಳಿ, ಇನ್ನೊಂದನ್ನು ಸುಮ್ನೆ ಬಿಡಿ.

2021ರ ಹೊರಿಮಿಯಾದಲ್ಲಿ ಗುಟ್ಟು ಎರಡೂ ಕಡೆ ಒಟ್ಟಿಗೇ ಒಡೆಯುತ್ತದೆ. ಶಾಲೆಯಲ್ಲಿ ಮಿಂಚುವ ಹುಡುಗಿ ಮನೆಯಲ್ಲಿ ಹಳೆಯ ಬಟ್ಟೆ ಹಾಕಿಕೊಂಡು ತಮ್ಮನನ್ನು ಸಾಕುತ್ತಿರುತ್ತಾಳೆ. ಶಾಲೆಯಲ್ಲಿ ಮಂಕಾಗಿ ಕೂರುವ ಹುಡುಗನ ಮೈಮೇಲೆ ಹಚ್ಚೆ, ಕಿವಿ ತುಂಬ ಓಲೆ. ಮೂಗಿನಲ್ಲಿ ರಕ್ತ ಸುರಿಯುತ್ತಿದ್ದ ತಮ್ಮನನ್ನು ಮನೆಗೆ ಬಿಡಲು ಅವನು ಬರುತ್ತಾನೆ, ಅಷ್ಟೇ ಅಪಘಾತ. ದೊಡ್ಡ ಘಟನೆ ಬೇಕಿಲ್ಲ ಅನ್ನುವುದಕ್ಕೆ ಇದನ್ನು ನೋಡಿ.

ಗುಟ್ಟು ಇಲ್ಲದೆಯೂ ಕಟ್ಟಬಹುದು. 2019ರ ಕಗುಯಾ-ಸಾಮಾದಲ್ಲಿ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮನಸ್ಸಿದೆ. ಮೊದಲು ಹೇಳಿದವರು ಸೋತ ಹಾಗೆ ಅನ್ನುವ ಹಟಕ್ಕೆ ಇಬ್ಬರೂ ಹೇಳಲ್ಲ. ಸಿನಿಮಾ ಟಿಕೆಟ್ಟಿನಂಥ ಚಿಕ್ಕ ವಿಷಯಕ್ಕೂ ಯುದ್ಧ. ಇಲ್ಲಿ ಇಬ್ಬರನ್ನೂ ಕಟ್ಟಿಹಾಕಿರುವುದು ವಿದ್ಯಾರ್ಥಿ ಸಂಘದ ಕೋಣೆ. ಒಬ್ಬ ಅಧ್ಯಕ್ಷ, ಒಬ್ಬಳು ಉಪಾಧ್ಯಕ್ಷೆ, ದಿನಾ ಎದುರು ಬದುರು ಕೂರಲೇಬೇಕು. ಹಿನ್ನೆಲೆಯ ನಿರೂಪಕ ಯುದ್ಧವರದಿ ಕೊಟ್ಟ ಹಾಗೆ ಪ್ರತಿ ಹೆಜ್ಜೆಯನ್ನೂ ಹೇಳುತ್ತಾ ಹೋಗುತ್ತಾನೆ. ನಮ್ಮ ಭಾಗವತರ ಕೆಲಸ ಅದು. ತಾಳಮದ್ದಳೆಯ ಇಬ್ಬರು ಒಳ್ಳೆಯ ಅರ್ಥಧಾರಿಗಳು ಒಂದು ಮಾತನ್ನು ಹಿಡಿದು ಅರ್ಧ ಗಂಟೆ ಜಗ್ಗಾಡುವುದನ್ನು ಕೇಳಿದವರಿಗೆ ಈ ಥರದ ಕಾಮಿಡಿ ಬರೆಯುವುದು ಬೇಗ ಕೈಹತ್ತುತ್ತದೆ ಅಂತ ನನಗೆ ಅನ್ನಿಸುತ್ತದೆ.

ನಮ್ಮೂರಿನದೊಂದನ್ನು ಕಟ್ಟೋಣ

ನನ್ನ ಅಡಿಕೆ ತೋಟದ ಕಥೆಯನ್ನು ಬದಿಗಿಟ್ಟು ಹೊಸದು ಶುರು ಮಾಡಿದೆ. ಅದನ್ನೇ ಉದಾಹರಣೆಗೆ ಇಡುತ್ತೇನೆ.

ಇವರಿಬ್ಬರು ದಿನಾ ಭೇಟಿಯಾಗುವ ಜಾಗ ಬೇಕಿತ್ತು. ಶಾಲೆ ಬೇಡ ಅನ್ನಿಸಿತು. ಮಲೆನಾಡಿನಲ್ಲಿ ಮಳೆ ಶುರುವಾಗುವ ಮೊದಲು ಮದುವೆಗಳ ಸುಗ್ಗಿ ಇರುತ್ತದಲ್ಲ, ಅದನ್ನು ಹಿಡಿದೆ. ಹುಡುಗ ಅಡಿಗೆ ತಂಡದವನು, ಸೋದರಮಾವನ ಕೈಕೆಳಗೆ ಕೆಲಸ. ಹುಡುಗಿ ಮದುವೆ ಫೋಟೋ ತೆಗೆಯುವವಳು. ಇಬ್ಬರೂ ಛತ್ರದಿಂದ ಛತ್ರಕ್ಕೆ ಹೋಗುತ್ತಾರೆ. ಬೇರೆಯವರ ಮದುವೆಯಲ್ಲಿ ಕೆಲಸ ಮಾಡುವ ಇಬ್ಬರು.

ಹಾಳೆಯ ಎರಡು ಸಾಲು ಹೀಗಿವೆ. ಅವನ ಬಗ್ಗೆ ಊರು ಅಂದುಕೊಂಡದ್ದು: ಸಿಡುಕ, ಬಡಿಸುವಾಗಲೂ ಮುಖ ಗಂಟು. ಒಬ್ಬನೇ ಇದ್ದಾಗ: ಯಾರು ಊಟ ಮಾಡಿಲ್ಲ ಅಂತ ಎಣಿಸುತ್ತಾ ಇರುತ್ತಾನೆ. ಅವಳ ಬಗ್ಗೆ ಊರು ಅಂದುಕೊಂಡದ್ದು: ಎಲ್ಲರನ್ನೂ ನಗಿಸುವವಳು, ಮದುಮಗಳ ಅಜ್ಜಿಯ ಕೈಯಲ್ಲೂ ಪೋಸ್ ಕೊಡಿಸುವವಳು. ಒಬ್ಬಳೇ ಇದ್ದಾಗ: ತೆಗೆದ ಸಾವಿರ ಫೋಟೋದಲ್ಲಿ ಒಂದೂ ಸರಿಯಿಲ್ಲ ಅಂತ ಕೂತು ಅಳಿಸುತ್ತಾ ಇರುತ್ತಾಳೆ.

ಈಗ ಅಪಘಾತ. ಛತ್ರದ ಹಿಂದೆ ಒಣಮೆಣಸು ಹುರಿಯುತ್ತಿದ್ದಾರೆ. ಘಾಟು ತಡೆಯಲಾರದೆ ಹುಡುಗ ಪಕ್ಕದ ಬಾಗಿಲಿಗೆ ಬಂದು ನಿಂತು ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಾನೆ. ಅದೇ ಹೊತ್ತಿಗೆ ಗಟ್ಟಿಮೇಳ, ಮಾಂಗಲ್ಯಧಾರಣೆ. ಅವಳು ಕ್ಲಿಕ್ ಮಾಡುತ್ತಾಳೆ. ಸಂಜೆ ಮದುಮಗನ ತಂಗಿ ಕೇಳಿದಳು ಅಂತ ನಾಲ್ಕು ಫೋಟೋ ವಾಟ್ಸಾಪಿಗೆ ಕಳಿಸುತ್ತಾಳೆ. ಒಂದರಲ್ಲಿ ಮುಂದೆ ತಾಳಿ ಕಟ್ಟುವ ಕೈ, ಹಿಂದೆ ಬಾಗಿಲಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿರುವ ಒಬ್ಬ ಹುಡುಗ. ರಾತ್ರಿಯೊಳಗೆ ಎರಡೂ ಕಡೆಯ ನೆಂಟರ ಗುಂಪಿನಲ್ಲಿ ಒಂದೇ ಮಾತು. ಯಾರು ಇವನು? ಮದುಮಗಳಿಗೂ ಇವನಿಗೂ ಏನಿತ್ತು?

ನಿಮಗೆ ಇದು ಬೇರೆ ಥರ ಹೊಳೆಯಬಹುದು. ಆದರೆ ಎರಡು ವಿಷಯ ನೋಡಿಕೊಳ್ಳಿ. ಅಪಘಾತ ಇಬ್ಬರ ಕೆಲಸದಿಂದಲೇ ಹುಟ್ಟಬೇಕು. ಅವನು ಅಡಿಗೆಯವನಲ್ಲದಿದ್ದರೆ ಘಾಟು ಇಲ್ಲ, ಅವಳು ಫೋಟೋದವಳಲ್ಲದಿದ್ದರೆ ಪುಕಾರು ಇಲ್ಲ. ಎರಡನೆಯದು, ಯಾರೂ ಕೆಟ್ಟವರಾಗಿರಬಾರದು. ಅವಳು ಬೇಕು ಅಂತ ಮಾಡಿಲ್ಲ. ಆದರೂ ನಷ್ಟ ಅವನಿಗೆ ಆಗಿದೆ. ಹಾಗಾಗಿ ಅವನ ಸಿಟ್ಟೂ ನ್ಯಾಯ, ಅವಳ ವಾದವೂ ನ್ಯಾಯ. ಓದುವವರು ಇಬ್ಬರ ಕಡೆಗೂ ವಾಲುತ್ತಾರೆ.

ಇನ್ನು ಗಂಟು ಹಾಕುವುದು. ಮುಂದಿನ ಮದುವೆಯವರು ಮಾವನಿಗೆ ಫೋನ್ ಮಾಡಿ, ಆ ಅಳುವ ಹುಡುಗನನ್ನು ಕರ್ಕೊಂಡು ಬರಬೇಡಿ ಅನ್ನುತ್ತಾರೆ. ಇವನಿಲ್ಲದೆ ಮಾವನ ಕೈ ಓಡಲ್ಲ. ಘಾಟಿಗೆ ಅತ್ತದ್ದು ಅನ್ನುವುದಕ್ಕೆ ಸಾಕ್ಷಿ ಇರುವುದು ಅವಳ ಮೆಮೊರಿ ಕಾರ್ಡಿನಲ್ಲಿ, ಯಾಕಂದರೆ ಆ ಬಾಗಿಲಿನ ಹಿಂದೆ ಕೆಮ್ಮುತ್ತಾ ಓಡಿದ ನಾಲ್ಕು ಜನರೂ ಬೇರೆ ಫೋಟೋಗಳಲ್ಲಿ ಇದ್ದಾರೆ. ಮಾವ ತೀರ್ಪು ಕೊಡುತ್ತಾರೆ: ಆಷಾಢ ಬರೋದ್ರೊಳಗೆ ಒಂಬತ್ತು ಮುಹೂರ್ತ ಇದೆ, ಒಂಬತ್ತಕ್ಕೂ ಈ ಹುಡುಗಿ ಬರ್ತಾಳೆ, ಪ್ರತಿ ಮನೆಯಲ್ಲೂ ನೀವಿಬ್ರೂ ಒಟ್ಟಿಗೆ ನಿಂತು ವಿಷಯ ಏನು ಅಂತ ಹೇಳ್ಬೇಕು.

ಇಲ್ಲಿ ಆಷಾಢ ಅನ್ನುವ ಪದ ತುಂಬಾ ಕೆಲಸ ಮಾಡುತ್ತದೆ. ಆಷಾಢದಲ್ಲಿ ಮದುವೆ ಇಲ್ಲ. ಅಂದರೆ ಇವರಿಬ್ಬರು ಭೇಟಿಯಾಗುವ ಕಾರಣವೂ ಇಲ್ಲ. ಮೊದಲ ಎಪಿಸೋಡಿನಲ್ಲಿ ಅದು ಸುಮ್ನೆ ಲೆಕ್ಕದ ಮಾತಾಗಿ ಬಂದು ಹೋಗುತ್ತದೆ. ಎಂಟು ಒಂಬತ್ತನೇ ಎಪಿಸೋಡಿಗೆ ಬಂದಾಗ, ಮೊದಲ ಮಳೆ ಬಿದ್ದಾಗ, ಅದೇ ಮಾತು ಎದೆಗೆ ನಾಟುತ್ತದೆ. ನಿಮ್ಮ ಕಥೆಯಲ್ಲೂ ಇಂಥದ್ದೊಂದು ಗಡುವು ಹುಡುಕಿ. ಅಡಿಕೆ ಕೊಯ್ಲು ಮುಗಿಯುವುದು, ಕಾಲೇಜಿನ ಕೊನೆಯ ಸೆಮಿಸ್ಟರ್, ಯಕ್ಷಗಾನ ಮೇಳದ ತಿರುಗಾಟ, ಯಾವುದಾದರೂ ಆಗಬಹುದು.

ನೀವು, ನೀನು ಮತ್ತು ಜಗಳ

ಜಪಾನಿನಲ್ಲಿ ಪರಿಚಯದವರನ್ನು ಮೊದಲು ಮನೆತನದ ಹೆಸರಿನಿಂದ ಕರೆಯುತ್ತಾರೆ. ತುಂಬಾ ಹತ್ತಿರವಾದ ಮೇಲೆ ಸ್ವಂತ ಹೆಸರು. ಅನಿಮೆಯಲ್ಲಿ ಹುಡುಗ ಮೊದಲ ಸಲ ಅವಳ ಹೆಸರು ಹಿಡಿದು ಕರೆದ ಅನ್ನುವುದೇ ಒಂದು ಇಡೀ ಎಪಿಸೋಡ್ ಆಗಿಬಿಡುತ್ತದೆ. ಇದನ್ನು ಹಾಗೇ ಎತ್ತಿಕೊಂಡು ಬಂದರೆ ನಮ್ಮಲ್ಲಿ ನಡೆಯಲ್ಲ, ನಮ್ಮಲ್ಲಿ ಎಲ್ಲರೂ ಹೆಸರೇ ಹಿಡಿದು ಕರೆಯುವುದು.

ಆದರೆ ನಮ್ಮ ಹತ್ತಿರ ನೀವು ಮತ್ತು ನೀನು ಇದೆಯಲ್ಲ! ಮೊದಲ ಎಪಿಸೋಡ್ ಪೂರ್ತಿ ಇಬ್ಬರನ್ನೂ ಬಹುವಚನದಲ್ಲೇ ಜಗಳ ಆಡಿಸಿ. ಮರ್ಯಾದೆ ಬಿಡದೆ ಬೈಯುವುದರಲ್ಲಿ ಒಂದು ಮಜಾ ಇದೆ.

"ನಿಮಗೆ ಕ್ಯಾಮೆರಾ ಕೊಟ್ಟೋರು ಯಾರ್ರೀ?"

"ನಿಮಗೆ ಮುಹೂರ್ತದ ಹೊತ್ತಲ್ಲೇ ಮೆಣಸು ಹುರೀಬೇಕಿತ್ತಾ ಮಾರಾಯ್ರೇ?"

"ಹನ್ನೆರಡೂವರೆಗೆ ಸಾರು ಇಳೀಬೇಕು. ಫೋಟೋ ತಿಂತಾರಾ ಜನ?"

"ಊಟ ಎರಡು ಗಂಟೆಗೆ ಖಾಲಿ ಆಗುತ್ತೆ. ಫೋಟೋ ಐವತ್ತು ವರ್ಷ ಇರುತ್ತೆ."

"ಅದೇ ನನ್ನ ತಲೆಬಿಸಿ. ಐವತ್ತು ವರ್ಷ ನಾನು ಅಳ್ತಾ ಇರ್ಬೇಕಾ?"

ನಾಲ್ಕೈದು ಸಾಲು ಸಾಕು, ಜಾಸ್ತಿ ಎಳೆಯಬೇಡಿ. ಪ್ರತಿ ಸಾಲು ಹಿಂದಿನ ಸಾಲನ್ನು ಹಿಡಿದು ತಿರುಗಿಸಬೇಕು. ಜಪಾನಿನ ಮನ್ಜಾಯಿ ಹಾಸ್ಯದಲ್ಲಿ ಇಬ್ಬರು ನಿಂತು ಮಾತಾಡುತ್ತಾರೆ. ಒಬ್ಬ ಎಡವಟ್ಟು ಮಾತು ಆಡುವವನು, ಇನ್ನೊಬ್ಬ ಅದನ್ನು ತಕ್ಷಣ ಹಿಡಿದು ಕುಟುಕುವವನು. ಅನಿಮೆಯ ಮಾತಿನ ಓಟ ಬಹಳಷ್ಟು ಅಲ್ಲಿಂದ ಬಂದದ್ದು. 2007ರ ಲವ್ಲಿ ಕಾಂಪ್ಲೆಕ್ಸ್‌ನಲ್ಲಿ ಉದ್ದ ಹುಡುಗಿ 172 ಸೆಂಟಿಮೀಟರ್, ಗಿಡ್ಡ ಹುಡುಗ 156. ಇವರಿಬ್ಬರೂ ಒಸಾಕಾ ಕಡೆಯ ಆಡುಮಾತಿನಲ್ಲಿ ಕಿತ್ತಾಡುವುದನ್ನು ಕೇಳಿದರೆ ಅರ್ಥವಾಗದಿದ್ದರೂ ಲಯ ಗೊತ್ತಾಗುತ್ತದೆ. ಪಠ್ಯಪುಸ್ತಕದ ಭಾಷೆಯಲ್ಲಿ ಆ ಜಗಳ ಸಪ್ಪೆ ಆಗುತ್ತಿತ್ತು. ನೀವೂ ಪಾತ್ರಗಳಿಗೆ ಅವರವರ ಮನೆಯ ಮಾತು ಕೊಡಿ. ಹವ್ಯಕ ಕನ್ನಡದ ಮನೆಯಾದರೆ ಹವ್ಯಕ, ಹೊಸನಗರದ ಹಳ್ಳಿಯಾದರೆ ಅಲ್ಲಿನ ಎಳೆತ. ಆದರೆ ಅದೇ ಮಾತು ಆಡಿ ಬೆಳೆದವರಿಗೆ ಒಮ್ಮೆ ಓದಿ ಹೇಳಿ, ಅವರು ತಿದ್ದಿದ್ದನ್ನು ಮರುಮಾತಿಲ್ಲದೆ ಒಪ್ಪಿಕೊಳ್ಳಿ.

ನೀನು ಅನ್ನುವುದನ್ನು ಬಚ್ಚಿಡಿ. ಒಂದೇ ಒಂದು ಸಲ, ಗಾಬರಿಯಲ್ಲಿ, ಬಿಸಿ ಕೊಪ್ಪರಿಗೆ ಅವಳ ಕಾಲ ಮೇಲೆ ವಾಲುವಾಗ ಅವನ ಬಾಯಿಂದ "ಏ, ಸರಿ ಆಚೆ" ಅಂತ ಏಕವಚನ ಜಾರಲಿ. ಅವಳು ಗಮನಿಸಲಿ, ಏನೂ ಅನ್ನದಿರಲಿ. ಮುಂದಿನ ಸಾಲಿಗೆ ಮತ್ತೆ ಬಹುವಚನ.

ಬೇಡ ಅನ್ನಿಸಿದ ಕೆಲವು

ಎಡವಿ ಒಬ್ಬರ ಮೇಲೊಬ್ಬರು ಬೀಳುವುದು, ತಪ್ಪಿ ಬಟ್ಟೆ ಬದಲಿಸುವ ಕೋಣೆಗೆ ನುಗ್ಗುವುದು. ಅನಿಮೆಯಲ್ಲಿ ಇದು ಸವೆದು ಹೋಗಿದೆ. ನಗು ಬರಲ್ಲ, ಹುಡುಗಿಯ ಪಾತ್ರಕ್ಕೆ ಅವಮಾನ ಬೇರೆ. ಹಾಗೇ ಹುಡುಗಿ ಹುಡುಗನಿಗೆ ಹೊಡೆಯುವುದು. ಟೊರಾಡೋರಾದಲ್ಲಿ ತೈಗಾಳ ಒಂಟಿತನ ಗೊತ್ತಾದ ಮೇಲೆ ಅದಕ್ಕೆ ಅರ್ಥ ಬರುತ್ತದೆ, ಆ ಅರ್ಥ ಕೊಡುವುದಕ್ಕೆ ಅವರ ಹತ್ತಿರ 25 ಎಪಿಸೋಡ್ ಇತ್ತು.

ಇನ್ನೊಂದನ್ನು ಹೇಳಲೇಬೇಕು. ಹೊಂದದ ಜೋಡಿ ಅಂದ ತಕ್ಷಣ ನಮ್ಮ ಕಡೆ ಜನ ಜಾತಿ ನೋಡುತ್ತಾರೆ. ಹೆಸರಿನ ಕೊನೆ, ಮಾತಿನ ಧಾಟಿ, ಎಲೆಯ ಮೇಲೆ ಏನು ಬಡಿಸಿದ್ದಾರೆ ಅನ್ನುವುದರಿಂದಲೇ ಊಹೆ ಮಾಡಿಬಿಡುತ್ತಾರೆ. ನೀವು ಯೋಚಿಸದೆ ಬರೆದರೂ ಓದುವವರು ಅದನ್ನು ಓದುತ್ತಾರೆ. ಹಾಗಾಗಿ ಬರೆಯುವ ಮೊದಲೇ ತೀರ್ಮಾನ ಮಾಡಿ. ಕಥೆ ಅದರ ಬಗ್ಗೆಯೇ ಆಗಿದ್ದರೆ ಧೈರ್ಯವಾಗಿ, ಭಾರ ಹೊತ್ತು ಬರೆಯಿರಿ, ನಗುವಿನ ಅಂಚಿಗೆ ಅಂಟಿಸಿ ಬಿಡಬೇಡಿ. ಆಗಿಲ್ಲ ಅಂದರೆ ಮದುವೆ ಮನೆಯ ಒಂದೊಂದು ವಿವರವನ್ನೂ ನೋಡಿ ಆರಿಸಿ. ನಾನು ಅಡಿಗೆ ತಂಡದ ದೃಶ್ಯಗಳನ್ನು ಈ ಕಾರಣಕ್ಕೇ ಮೂರು ಸಲ ತಿದ್ದಿದೆ.

ಒಂದು ಬಾಗಿಲಿಗೆ ಬೀಗ ಇರಲಿ

ಎಲ್ಲವನ್ನೂ ಮೊದಲ ಎಪಿಸೋಡಿನಲ್ಲೇ ಹೇಳುವ ಆಸೆ ನನಗೂ ಇತ್ತು. 1986ರಲ್ಲಿ ಶುರುವಾಗಿ 96 ಎಪಿಸೋಡ್ ನಡೆದ ಮೇಸಾನ್ ಇಕ್ಕೊಕು ನೋಡಿದ ಮೇಲೆ ಆ ಆಸೆ ಬಿಟ್ಟೆ. ಗಲಾಟೆ ತಡೆಯಲಾರದೆ ಬಾಡಿಗೆ ಮನೆ ಬಿಡಲು ಹೊರಟ ಹುಡುಗ, ಬಾಗಿಲಿಗೆ ಬಂದ ಹೊಸ ಮ್ಯಾನೇಜರ್ ಹೆಂಗಸನ್ನು ನೋಡಿ ಉಳಿದುಬಿಡುತ್ತಾನೆ. ಅವಳ ಜೊತೆ ಒಂದು ನಾಯಿ ಇದೆ. ಆ ನಾಯಿಗೆ ಇಟ್ಟ ಹೆಸರು ಯಾರದು ಅನ್ನುವುದು ಆಮೇಲೆ ಗೊತ್ತಾಗುತ್ತದೆ, ಅದು ತೀರಿಹೋದ ಅವಳ ಗಂಡನ ಹೆಸರು. ಮೊದಲ ದಿನ ಅದು ಬರೀ ನಾಯಿ, ನಮ್ಮ ಕಣ್ಣೆದುರೇ ಓಡಾಡಿಕೊಂಡಿರುತ್ತದೆ.

ನಮ್ಮ ಕಥೆಯಲ್ಲಿ ಬೀಗ ಹಾಕಿದ್ದು ಅವಳ ಹಳೆಯ ಕ್ಯಾಮೆರಾ ಚೀಲಕ್ಕೆ. ಯಾರ ಚೀಲ, ಯಾಕೆ ಹೊಸದು ಕೊಳ್ಳಲ್ಲ ಅಂತ ಹೇಳಿಲ್ಲ. ಚಿತ್ರದಲ್ಲಿ ಪ್ರತಿ ಚೌಕದಲ್ಲೂ ಅದು ಇರಬೇಕು ಅಂತ ಮಾತ್ರ ಗೆಳತಿಗೆ ಹೇಳಿದ್ದೇನೆ.

ಬರೆದು ಮುಗಿದ ಮೇಲೆ ಇಬ್ಬರನ್ನು ಕೂರಿಸಿ ಜೋರಾಗಿ ಓದಿಸಿ, ಗಡಿಯಾರ ಇಟ್ಟುಕೊಳ್ಳಿ. ಇಪ್ಪತ್ತು ನಿಮಿಷ ದಾಟಿದರೆ ಮೊದಲು ಕತ್ತರಿಸಬೇಕಾದ್ದು ಪರಿಚಯದ ಮಾತುಗಳನ್ನು. ಕೊನೆಯ ಎರಡು ನಿಮಿಷ ಮಾತ್ರ ಮುಟ್ಟಬೇಡಿ, ಅಲ್ಲಿ ಒಂದು ಸಣ್ಣ ಮೆತ್ತನೆಯ ವಿಷಯ ನಡೆಯಬೇಕು. ಟೊರಾಡೋರಾದ ಫ್ರೈಡ್ ರೈಸ್ ಥರದ್ದು. ಇಬ್ಬರೂ ಒಪ್ಪಿಕೊಳ್ಳದ, ನೋಡುವವರಿಗೆ ಮಾತ್ರ ಕಂಡ ವಿಷಯ.

ಮದುವೆಗಳಲ್ಲಿ ಫೋಟೋದವರು ಉಣ್ಣುವುದು ಕೊನೆಯ ಪಂಕ್ತಿಗೆ, ಅಷ್ಟೊತ್ತಿಗೆ ಹೋಳಿಗೆ ಮುಗಿದಿರುತ್ತದೆ. ಮೊದಲ ಮದುವೆಯಲ್ಲಿ ಅವಳು ಬರೀ ಅನ್ನ ಮಜ್ಜಿಗೆ ಉಂಡು ಎದ್ದು ಹೋಗಿದ್ದಳು, ಅದನ್ನು ಅವನು ನೋಡಿದ್ದ. ಎರಡನೇ ಮದುವೆ. ಬೆಳಿಗ್ಗೆಯೆಲ್ಲ ಜಗಳ ಆಗಿದೆ. ಮೂರು ಗಂಟೆಗೆ ಅವಳು ಪಂಕ್ತಿಗೆ ಬಂದರೆ ಸಾಲು ಖಾಲಿ, ಒಂದೇ ಒಂದು ಎಲೆಯ ಮೇಲೆ ಇನ್ನೊಂದು ಬಾಳೆ ಎಲೆ ಮುಚ್ಚಿಟ್ಟಿದೆ. ತೆಗೆದು ನೋಡುತ್ತಾಳೆ. ಎರಡು ಹೋಳಿಗೆ, ದೊನ್ನೆಯಲ್ಲಿ ತುಪ್ಪ, ಅಪ್ಪೆಮಿಡಿ, ಎಲ್ಲ ಇದೆ. ನೆಲ ಗುಡಿಸುತ್ತಿದ್ದ ಅಜ್ಜನನ್ನು ಕೇಳುತ್ತಾಳೆ, ಇದನ್ನ ಯಾರು ಎತ್ತಿಟ್ಟಿದ್ದು ಅಂತ.

ಅಜ್ಜ ಪೊರಕೆ ನಿಲ್ಲಿಸಿ ಸ್ವಲ್ಪ ಹೊತ್ತು ಯೋಚನೆ ಮಾಡುತ್ತಾನೆ.

"ಅದೇ, ಫೋಟೋದಲ್ಲಿ ಅಳ್ತಾ ಇದ್ನಲ್ಲ, ಆ ಹುಡುಗ."